ಎದೆಯ ಕಾಗದ

ಭಾಂಡುಪಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ನನ್ನ ಎರಡು ಬೆರಳು ಹೋದವು. ವಿಮೆಯ ಪರಿಹಾರ ಬೇಕಿದ್ದರೆ ಆಸ್ಪತ್ರೆಯ ಕಾಗದಗಳನ್ನೆಲ್ಲ ಕಾರ್ಖಾನೆಯ ಕಂಪನಿಗೂ ತೋರಿಸಲು ಒಪ್ಪಿ ಸಹಿ ಹಾಕಬೇಕಂತೆ. ಅದೇ ಆಸ್ಪತ್ರೆಯಲ್ಲಿ ಹಿಂದೊಮ್ಮೆ ನನಗೆ ಕ್ಷಯ ವಾಸಿಯಾಗಿತ್ತು. ಅದು ಗೊತ್ತಾದರೆ ಕೆಲಸ ಹೋಗುತ್ತದೆ, ನಾನಿರುವ ಚಾಳಿನ ನೆರೆಯವರು ಎಲ್ಲರಿಗೂ ಒಂದೇ ಆದ ನಲ್ಲಿಯನ್ನು ಮುಟ್ಟಲೂ ಬಿಡುವುದಿಲ್ಲ.

ದಾದರಿನ ವಿಮಾ ಕಚೇರಿಯಲ್ಲಿ ಸಹಿ ಹಾಕದೆ ಕೂತೆ. ಅಲ್ಲಿನ ಡಾಕ್ಟರು ಬಾಗಿಲು ಮುಚ್ಚಿ ಕಾರಣ ಕೇಳಿದರು, ಹೇಳಿದೆ. "ಪೆಟ್ಟಾದದ್ದು ಕೈಗೆ. ಕೈಯ ಕಾಗದವಷ್ಟೇ ಸಾಕು. ಎದೆಯ ವಿಷಯ ನಿಮ್ಮದು, ಕಂಪನಿಗೆ ಯಾಕೆ?" ಅಂದರು.

ಕೈಯ ಕಾಗದಕ್ಕಷ್ಟೇ ಸಹಿ ಹಾಕಿ ಬಂದು, ಲೋಕಲ್ ರೈಲು ಹತ್ತಿ ಕೂತು "ಯಪ್ಪಾ" ಅಂತ ಉಸಿರು ಬಿಟ್ಟೆ. ಅದನ್ನು ಕೇಳಿ ಎದುರಿನ ಹಿರಿಯರು, "ನಮ್ಮ ಕಡೆಯವರೇನ್ರಿ? ಕೈಗೇನಾತು?" ಅಂದರು. ಕನ್ನಡ ಕೇಳಿದ್ದೇ ತಡ, ಮುಲುಂಡ್ ಬರುವಷ್ಟರಲ್ಲಿ ಕೈ, ಎದೆ ಎರಡರ ಕಥೆಯನ್ನೂ ಒಪ್ಪಿಸಿದ್ದೆ. ಇಳಿಯುವಾಗ ಅವರೇ ನನ್ನ ಹೆಗಲು ತಟ್ಟಿ, "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಅಂದರು.