ತಪ್ಪು ಇಂಗ್ಲಿಷಿನ ಅರ್ಜಿ

ಹಾವು ಕಂಡರೆ ನಾನು ಕೋಲು ಹುಡುಕುತ್ತೇನೆ. ಇಂಗ್ಲಿಷ್ ಕಾಗದ ಕಂಡರೆ ಬಾಗಿಲು ಹುಡುಕುತ್ತೇನೆ. ನನಗಿರುವ ಓದು ಬರಹ ಅಷ್ಟಕ್ಕಷ್ಟೇ, ಇಷ್ಟು ಬರೆಯಲು ನಾಲ್ಕು ದಿನ ಹಿಡಿದಿದೆ. ಇಂಗ್ಲಿಷ್ ಪಾಠ ತಪ್ಪಿತೆಂದು ಮೊಮ್ಮಗಳು ಅತ್ತರೆ ಮನೆಯವರೆಲ್ಲ ನಗುತ್ತಾರೆ, ನಾನು ನಗುವುದಿಲ್ಲ. ಆ ಭಾಷೆಯ ತಪ್ಪಿಗೆ ಜೇಲು ಆಗುತ್ತದೆಂದು ಒಮ್ಮೆ ಎರಡು ದಿನ ನಂಬಿ ಕೂತವಳು ನಾನು.

ನಮ್ಮ ಯಜಮಾನರು ನೇಗಿಲಿಗೆಂದು ಸರಕಾರಿ ಜಾಲಿಗಿಡದ ಒಂದು ಕೊಂಬೆ ಕಡಿದರು. ಜಂಗಲ್ ಸಿಪಾಯಿಗಳು ಅವರನ್ನು ಹಿಡಿದೊಯ್ದು ಹುಕ್ಕೇರಿ ಕಚೇರಿಯಲ್ಲಿ ಕೂಡಿಸಿದರು. ಮೂರನೇ ದಿನ ಬಿಳಿ ಸಾಹೇಬರು ಬರುತ್ತಾರೆ, ಅವರು ಬಿಡದಿದ್ದರೆ ಬೆಳಗಾವಿ ಜೇಲೇ ಎಂದರು. ಗೋಕಾಕಕ್ಕೆ ಹೋಗಿ ಅರ್ಜಿ ಬರೆಯುವ ರಾಯರಿಂದ ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆಸಿದೆ. ನನ್ನ ತಮ್ಮ ಮಮದಾಪುರದಲ್ಲಿ ಸಾಲಿ ಮಾಸ್ತರ. ಅದನ್ನು ಓದಿ ಮುಖ ಸಣ್ಣದು ಮಾಡಿದ.

"ಅಕ್ಕಾ, ರಾಯರ ಇಂಗ್ಲಿಷ್ ಪೂರಾ ತಪ್ಪೈತಿ. ಇದರ ಪ್ರಕಾರ ಮಾವಾರು ಇನ್ನೂ ಕಡಿಯಾಕತ್ತಾರ."

ತಿದ್ದು ಎಂದೆ. ಛಾಪಾ ಕಾಗದದ ಮೇಲೆ ಗೀಟು ಎಳೆದರೆ ಅರ್ಜಿಯೇ ರದ್ದು ಎಂದ. ಹೊಸದು ಬರೆಸಲು ಹೊತ್ತಿರಲಿಲ್ಲ. ಗಾಡಿಯಲ್ಲಿ ಹುಕ್ಕೇರಿಯ ತನಕ ಆ ಕಾಗದವನ್ನು ಚೇಳು ಹಿಡಿದಂತೆ ಹಿಡಿದು ಕೂತಿದ್ದೆ. ತಪ್ಪು ಯಾವ ಸಾಲಿನಲ್ಲಿದೆ ಎಂದಾದರೂ ಗೊತ್ತಿದ್ದರೆ ಅಲ್ಲಿ ಬೆರಳು ಮುಚ್ಚಿ ಕೊಡುತ್ತಿದ್ದೆ.

ಸಾಹೇಬರು ಕಾಗದ ಮುಟ್ಟಲೇ ಇಲ್ಲ. ನೇರ ಕನ್ನಡದಲ್ಲಿ ಕೇಳಿದರು. ಅದೆಂಥ ಕನ್ನಡವೋ, ನಮ್ಮ ಯಜಮಾನರು ಅದರಲ್ಲಿ ಒಮ್ಮೆ ಹೆಂಗಸಾದರು, ಒಮ್ಮೆ ಎತ್ತಾದರು. ಯಾರೂ ನಗಲಿಲ್ಲ. ಓದಿದ ಕಾರಕೂನರು ಸಹ ಅದೇ ಮುರುಕು ಕನ್ನಡದಲ್ಲಿ ಸಾಹೇಬರಿಗೆ ಉತ್ತರ ಕೊಡುತ್ತಿದ್ದರು. ಕಚೇರಿಯ ರಿವಾಜು ಆಗ ತಿಳಿಯಿತು. ನಾನು ಸರಿಯಾಗಿ ಮಾತಾಡಿದರೆ ಸಾಹೇಬರನ್ನೇ ತಿದ್ದಿದಂತಾದೀತು. ನಾನೂ ಮಾತನ್ನು ಮುರಿದು ಮುರಿದು, ಒಂದೇ ಕೊಂಬೆ, ನೇಗಿಲಿಗೆ, ಇನ್ನು ಕಡಿಯುವುದಿಲ್ಲ ಎಂದು ಹೇಗೋ ಹೇಳಿದೆ. ಸಾಹೇಬರಿಗೆ ಎಲ್ಲಾ ತಿಳಿಯಿತು. ಬಿಡಿ ಎಂದು ಕೈ ಮಾಡಿದರು.

ಯಜಮಾನರು ಕೂತಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಕಚೇರಿ ದಾಟಿದ ಮೇಲೆ ಬಾಯಿ ಬಿಟ್ಟರು.

"ಹುಟ್ಟಿದಾಗಿಂದ ಆಡಿದ ಮಾತು ಮರತಿಯೇನ? ಕೇಳಿ ನನಗ ನಾಚಿಕಿ ಬಂತು."

"ನಾಚಿಕಿ ಪಡಾಕಾದ್ರೂ ಹೊರಗ ಬಂದ್ರಲ್ಲ," ಎಂದೆ. "ನಡೀರಿ."