ಫೆಜ್‌ನ ಪುದೀನ ಪ್ರಸಾದ

ಮೊರಾಕ್ಕೋದ ಪುರಾತನ ನಗರವಾದ ಫೆಜ್‌ನಲ್ಲಿ, ಪಾರಿವಾಳದ ಹಿಕ್ಕೆ ಕದಡಿದ ನೀರಿನಲ್ಲಿ ಚರ್ಮ ಹದಮಾಡುವ ಶತಮಾನಗಳಷ್ಟು ಹಳೆಯ ತೊಟ್ಟಿಗಳನ್ನು ನೋಡಲೇಬೇಕೆಂಬ ಹಟ ನನ್ನದು. ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಯಿಂದ ಧಾರವಾಡದ ಹೆಂಡತಿಯನ್ನು ಎಳೆದೊಯ್ದದ್ದೂ ಅದಕ್ಕಾಗಿಯೇ. ತೊಟ್ಟಿಗಳು ಕಾಣುವ ಮಹಡಿಗೆ ಹತ್ತುವ ಮುನ್ನ ಕೆಳಗಿನ ಅಂಗಡಿಯವನು ಇಬ್ಬರಿಗೂ ಪುದೀನದ ಕುಡಿ ಕೊಟ್ಟ. ನಾನು ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ದೇವಸ್ಥಾನದ ತುಳಸಿಯಂತೆ ಕಿವಿಗೆ ಸಿಕ್ಕಿಸಿಕೊಂಡೆ, ಅವಳು ಮುಡಿದುಕೊಂಡಳು. ಅಂಗಡಿಯವನು ತನ್ನ ಮೂಗನ್ನು ಮುಟ್ಟಿ ತೋರಿಸಿದ್ದೇಕೆಂಬುದು ಮಹಡಿಯಲ್ಲಿ ದುರ್ನಾತ ಅಡರಿದಾಗಲೇ ತಿಳಿದದ್ದು.

“ನಿಮ್ಮ ಇತಿಹಾಸ ಭಾಳ ನಾರತೈತ್ರಿ,” ಎಂದ ಹೆಂಡತಿ ಮುಡಿದಿದ್ದ ಪುದೀನವನ್ನು ಮೂಗಿಗೆ ಹಿಡಿದಳು. ಸಾಲದೆಂದು ನನ್ನ ಕಿವಿಯದನ್ನೂ ಕಿತ್ತುಕೊಂಡಳು.

“ಅದು ನಂದು,” ಎಂದೆ.

“ನಿಮಗ ಪ್ರಸಾದ ಮುಟ್ಟೇತಲ್ರಿ.”

ನಾನು ಕಣ್ಣು, ಮೂಗು ಎರಡನ್ನೂ ಮುಚ್ಚಿಕೊಂಡು ಕೆಳಗಿಳಿದೆ. ತೊಟ್ಟಿಗಳಲ್ಲಿ ಹಳದಿಯೂ ಕೆಂಪೂ ಇದ್ದುದನ್ನು ಆಮೇಲೆ ಅವಳೇ ಸಾವಕಾಶವಾಗಿ ವಿವರಿಸಿದಳು.