ಏಳನೇ ಮೈಲಿ ತೋರಿಸಿದ ತಂತಿ

ಅದು ೧೯೪೧ರ ಮಳೆಗಾಲ. ನರಸಿಂಹರಾಜಪುರದ ತಂತಿ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಎಂಟು ಗಂಟೆಗೆ ಜೋರು ಗಾಳಿ ಬೀಸಿ, ಕೊಪ್ಪದ ಕಡೆಯ ಲೈನು ಇದ್ದಕ್ಕಿದ್ದಂತೆ ಸತ್ತುಹೋಯಿತು. ಎಷ್ಟು ಕರೆದರೂ ಆ ಕಡೆಯಿಂದ ಉತ್ತರವಿಲ್ಲ.

ಲೈನು ನೋಡಿಕೊಳ್ಳುತ್ತಿದ್ದ ಬಸಪ್ಪನವರು ನನ್ನ ತಂದೆಯ ವಯಸ್ಸಿನವರು. ಹಗ್ಗ, ಕತ್ತಿ ಹಿಡಿದು ಹೊರಟೇಬಿಟ್ಟರು. ಕಂಬದಿಂದ ಕಂಬಕ್ಕೆ ನೋಡುತ್ತಾ ನಡೆಯುವುದು ಅವರ ಪದ್ಧತಿ. ಲೈನು ರಸ್ತೆ ಬಿಟ್ಟು ಕಾಡಿನೊಳಗೆ ಹೋಗುತ್ತಿದ್ದರಿಂದ ಕೆಟ್ಟ ಜಾಗ ಸಿಗುವಷ್ಟರಲ್ಲಿ ಕೆಲವೊಮ್ಮೆ ಸಂಜೆಯೇ ಆಗುತ್ತಿತ್ತು.

"ಸ್ವಲ್ಪ ತಾಳಿ ಬಸಪ್ಪನೋರೆ, ಅಳೆದು ನೋಡ್ತೀನಿ" ಎಂದೆ.

ತರಬೇತಿಯಲ್ಲಿ ಕಲಿತಿದ್ದೆ, ಒಬ್ಬನೇ ಎಂದೂ ಮಾಡಿರಲಿಲ್ಲ. ತಂತಿ ಉದ್ದವಾದಷ್ಟೂ ಅದು ಕರೆಂಟಿಗೆ ಒಡ್ಡುವ ತಡೆ ಹೆಚ್ಚು. ಎರಡರಷ್ಟು ಉದ್ದಕ್ಕೆ ಎರಡರಷ್ಟು ತಡೆ. ತಂತಿ ಹರಿದು ನೀರಿಗೆ ಬಿದ್ದಿದ್ದರೆ ಕರೆಂಟು ಅಲ್ಲೇ ನೆಲಕ್ಕಿಳಿಯುತ್ತದೆ. ಅಲ್ಲಿಯ ತನಕದ ತಡೆಯನ್ನು ಅಳೆದು, ಒಂದು ಮೈಲಿ ತಂತಿಯ ತಡೆಯಿಂದ ಭಾಗಿಸಿದರೆ ದೂರ ಗೊತ್ತಾಗುತ್ತದೆ. ತಡೆ ಅಳೆಯುವ ಪೆಟ್ಟಿಗೆಯನ್ನು ಲೈನಿಗೆ ಸೇರಿಸಿ ಮೂರು ಸಲ ಅಳೆದೆ. ಮೂರು ಸಲವೂ ಏಳು ಮೈಲಿಗೆ ತುಸು ಕಡಿಮೆ ಬಂತು.

ಬಸಪ್ಪನವರು ನಕ್ಕುಬಿಟ್ಟರು. "ಎಂತ ಮಾರಾಯ್ರೆ, ಕುರ್ಚಿ ಮೇಲೆ ಕೂತು ಏಳು ಮೈಲಿ ಆಚೆ ಕಾಣ್ತದಾ ನಿಮಗೆ?"

"ರಸ್ತೆಯಲ್ಲೇ ಸೈಕಲ್ ಮೇಲೆ ಹೋಗಿ, ಏಳನೇ ಮೈಲಿ ಹತ್ತಿರ ಕಾಡಿಗೆ ಇಳೀರಿ. ಸಿಗದಿದ್ರೆ ತಪ್ಪು ನಂದು ಅಂತ ಸಾಹೇಬರಿಗೆ ನಾನೇ ಹೇಳ್ತೀನಿ."

ತಲೆಯಾಡಿಸುತ್ತಾ ಸೈಕಲ್ ಹತ್ತಿದರು.

ಹತ್ತು ಗಂಟೆಯಾಯಿತು, ಹನ್ನೆರಡಾಯಿತು, ಎರಡಾಯಿತು. ಲೈನಿಗೆ ಜೀವ ಬರಲಿಲ್ಲ. ನನ್ನ ಲೆಕ್ಕ ತಪ್ಪಿತು, ಹಿರಿಯರನ್ನು ಸುಮ್ಮನೆ ಮಳೆಯಲ್ಲಿ ಅಲೆಸಿದೆ ಎಂದು ನಾಚಿಕೆಯಾಯಿತು. ಊಟ ಸೇರಲಿಲ್ಲ.

ಮೂರು ಗಂಟೆಗೆ ಬಸಪ್ಪನವರು ಬಂದರು. ಮೈಯೆಲ್ಲ ಕೆಸರು, ಅಂಗಿಯ ಮೇಲೆ ರಕ್ತ. ಗಾಬರಿಯಿಂದ ಎದ್ದು ನಿಂತೆ.

"ರಕ್ತ ನಂದಲ್ಲ ಮಾರಾಯ್ರೆ. ಲೈನು ಇನ್ನೂ ಬಿದ್ದೇ ಇದೆ, ಅದನ್ನ ಆಮೇಲೆ ಕಟ್ಟುವ" ಎನ್ನುತ್ತಾ ಬೆಂಚಿನ ಮೇಲೆ ಕುಸಿದರು.

ಏಳನೇ ಮೈಲಿಯ ಹತ್ತಿರ ಹಳ್ಳಕ್ಕೆ ಮರ ಉರುಳಿ ತಂತಿ ಹರಿದಿತ್ತು. ಅದೇ ಮರದ ಕೊಂಬೆಯಡಿ ದ್ಯಾವಮ್ಮ ಎಂಬ ಕೂಲಿ ಹೆಂಗಸು ಸಿಕ್ಕಿಬಿದ್ದಿದ್ದರು. ಮಗಳ ಮನೆಗೆಂದು ಒಳದಾರಿಯಲ್ಲಿ ಒಬ್ಬರೇ ಹೊರಟಿದ್ದರಂತೆ. ಕೂಗಿ ಕೂಗಿ ದನಿಯೇ ನಿಂತುಹೋಗಿತ್ತು. ಬಸಪ್ಪನವರು ತಲುಪಿದಾಗ ಏರುತ್ತಿದ್ದ ನೀರು ದ್ಯಾವಮ್ಮನ ಎದೆಗೆ ಬಂದಿತ್ತು. ಕೊಂಬೆ ಕಡಿದು, ಅವರನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದು, ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿ ಬಂದಿದ್ದರು.

"ಬದುಕ್ತಾರಾ?" ಎಂದೆ.

"ಕಾಲು ಮುರಿದಿದೆ. ಜೀವಕ್ಕೇನೂ ಭಯ ಇಲ್ಲ ಅಂದ್ರು ಡಾಕ್ಟ್ರು. ನಾನು ಕಂಬ ನೋಡ್ತಾ ಹೋಗಿದ್ರೆ ಅಷ್ಟರಲ್ಲಿ ನೀರು ತಲೆ ಮೇಲೆ ಹೋಗಿರ್ತಿತ್ತು."

ಬೆಳಗಿನಿಂದ ಎದೆಯ ಮೇಲಿದ್ದ ಭಾರವೆಲ್ಲ ಒಮ್ಮೆಗೇ ಇಳಿದು, ಕಚೇರಿಯಲ್ಲಿದ್ದವರೆಲ್ಲರ ಎದುರಿಗೇ ಅತ್ತುಬಿಟ್ಟೆ.

ದೀಪಾವಳಿಯ ಹೊತ್ತಿಗೆ ದ್ಯಾವಮ್ಮ ಕೋಲೂರಿಕೊಂಡು ಕಚೇರಿಗೆ ಬಂದರು. ಮೇಜಿನ ಮೇಲೆ ನಾಲ್ಕು ಸೌತೆಕಾಯಿ ಇಟ್ಟು, "ನಾನು ಅಲ್ಲಿದ್ದೆ ಅಂತ ನಿಮಗೆ ಹ್ಯಾಂಗೆ ಗೊತ್ತಾತು ಅಯ್ಯಾ?" ಎಂದು ಕೇಳಿದರು.

"ಗೊತ್ತಿರಲಿಲ್ಲ ಅಮ್ಮಾ. ನಾನು ಹುಡುಕಿದ್ದು ತಂತಿಯನ್ನ."

"ಎಂತದೋ ಒಂದು, ಹುಡುಕಿದ್ರಲ್ಲ" ಎಂದು ನಕ್ಕರು.

ಮುಂದೆ ನಿವೃತ್ತನಾಗುವವರೆಗೂ ಎಷ್ಟೋ ಲೈನುಗಳನ್ನು ಅಳೆದೆ. ಉತ್ತರ ಸರಿಯಾಗಿದೆ ಎನಿಸಿದರೂ ಇನ್ನೊಮ್ಮೆ ಅಳೆಯದೆ ಬಿಟ್ಟವನಲ್ಲ. ಆ ಜಾಗದಲ್ಲಿ ಯಾರಾದರೂ ನಮ್ಮ ದಾರಿ ಕಾಯುತ್ತಿರಬಹುದಲ್ಲ!